ಮಣ್ಣಿನ ಗೋಡೆಯೊಳಗೆ ಆಫ್ರಿಕಾದ ಕಲೆ: ಪರಿಸರಸ್ನೇಹಿ ಮ್ಯೂಸಿಯಂ ಮತ್ತು ಸಂಶೋಧನಾ ಕೇಂದ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಫ್ರಿಕಾದಿಂದ ಹೊತ್ತೊಯ್ದ ಕಲಾವಸ್ತುಗಳು ಈಗ ಸ್ವಲ್ಪ ಸ್ವಲ್ಪವಾಗಿ ವಾಪಸ್ ಬರುತ್ತಿವೆ. ಜರ್ಮನಿ 2022ರ ಡಿಸೆಂಬರ್‌ನಲ್ಲಿ 22 ಬೆನಿನ್ ಕಲಾಕೃತಿಗಳನ್ನು ನೈಜೀರಿಯಾಕ್ಕೆ ಮರಳಿಸಿತು. ನೆದರ್ಲೆಂಡ್ಸ್ 2025ರಲ್ಲಿ 119 ವಸ್ತುಗಳನ್ನು ಮರಳಿಸಿತು. ಹಾಗಾದರೆ ಇವನ್ನೆಲ್ಲ ಎಂಥ ಕಟ್ಟಡದಲ್ಲಿ ಇಡಬೇಕು? ಮಣ್ಣಿನ ಕಟ್ಟಡ ಸಾಕಾ? ಎಸಿ ಬೇಡವಾ? ಇಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲು ಪ್ರಯತ್ನಿಸಿದ್ದೇನೆ. ಹೆಚ್ಚಿನ ಮಾತು ನೈಜೀರಿಯಾದ ಬೆನಿನ್ ಸಿಟಿಯ ಬಗ್ಗೆ. ಮಾಲಿ, ಸೆನೆಗಲ್, ದಕ್ಷಿಣ ಆಫ್ರಿಕಾದ ಉದಾಹರಣೆಗಳೂ ಬರುತ್ತವೆ.

ಪರಿಸರಸ್ನೇಹಿ ಮ್ಯೂಸಿಯಂ ಅಂದರೆ ಸೋಲಾರ್ ಹಾಕಿದ ಮ್ಯೂಸಿಯಂ ತಾನೆ?

ಸೋಲಾರ್ ಇದ್ದರೆ ಒಳ್ಳೆಯದೇ. ಆದರೆ ಅದು ಕೊನೆಯ ಹೆಜ್ಜೆ. ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿದೆ, ಗೋಡೆ ಯಾವುದರದ್ದು, ನೆರಳು ಎಲ್ಲಿ ಬೀಳುತ್ತದೆ, ಬಿಸಿ ಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ ಅನ್ನೋದು ಮೊದಲು. ಇಷ್ಟು ಸರಿಯಾದರೆ ಬೇಕಾಗುವ ಕರೆಂಟೇ ಕಡಿಮೆ.

ನನ್ನ ಪ್ರಕಾರ ಇದಕ್ಕಿಂತಲೂ ದೊಡ್ಡ ಪ್ರಶ್ನೆ ರಿಪೇರಿಯದು. ಇಪ್ಪತ್ತು ವರ್ಷದ ನಂತರ ಗೋಡೆ ಬಿರುಕು ಬಿಟ್ಟರೆ, ಸೂರು ಸೋರಿದರೆ, ಅದನ್ನು ಸರಿ ಮಾಡೋರು ಆ ಊರಲ್ಲೇ ಇದ್ದಾರಾ? ಬೇಕಾದ ಸಾಮಾನು ಅಲ್ಲೇ ಸಿಗುತ್ತಾ? ಬಿಡಿ ಭಾಗ ವಿದೇಶದಿಂದ ಬರುವ ತನಕ ಬಾಗಿಲು ಹಾಕಿಕೊಂಡು ಕೂರಬೇಕಾದ ಮ್ಯೂಸಿಯಂ ಎಷ್ಟು ಹಸಿರು ಸರ್ಟಿಫಿಕೇಟ್ ಪಡೆದಿದ್ದರೂ ಅದು ಬಾಳಿಕೆ ಬರುವ ಕಟ್ಟಡ ಅಂತ ನನಗೆ ಅನಿಸುವುದಿಲ್ಲ.

ಬೆನಿನ್ ಸಿಟಿ ಅಂದರೆ ಬೆನಿನ್ ದೇಶದಲ್ಲಿದೆಯಾ?

ಇಲ್ಲ. ಬೆನಿನ್ ಸಿಟಿ ಇರುವುದು ನೈಜೀರಿಯಾದ ಎಡೋ ರಾಜ್ಯದಲ್ಲಿ. ಹಳೆಯ ಬೆನಿನ್ ಸಾಮ್ರಾಜ್ಯದ ರಾಜಧಾನಿ ಅದು. ಬೆನಿನ್ ದೇಶ ಬೇರೆ, ಅಲ್ಲಿನದು ದಾಹೋಮಿ ರಾಜಮನೆತನದ ಕಥೆ. ಫ್ರಾನ್ಸ್ 2021ರಲ್ಲಿ ಮರಳಿಸಿದ 26 ವಸ್ತುಗಳು ದಾಹೋಮಿಯವು.

ಮೊವಾ ಅಂತ ಕೇಳಿದ್ದೇವೆ. ಏನದು?

ಪಶ್ಚಿಮ ಆಫ್ರಿಕಾ ಕಲಾ ಮ್ಯೂಸಿಯಂನ ಚಿಕ್ಕ ಹೆಸರು ಮೊವಾ. ಬೆನಿನ್ ಸಿಟಿಯ ನಡುವೆ ಹರಡಿಕೊಂಡ ದೊಡ್ಡ ಆವರಣ ಅದು. ಒಂದೇ ಕಟ್ಟಡದ ಯೋಜನೆಯಲ್ಲ. ಮೊದಲು ಎದ್ದು ನಿಂತಿದ್ದು ಸಂಶೋಧನಾ ಸಂಸ್ಥೆಯ ಕಟ್ಟಡ. ಪುರಾತತ್ವದ ಕೆಲಸ, ಹಾಳಾದ ವಸ್ತುಗಳನ್ನು ಸರಿಪಡಿಸುವ ಲ್ಯಾಬ್, ಸಂಗ್ರಹ ಕೋಣೆ, ಪ್ರದರ್ಶನಕ್ಕೆ ಜಾಗ ಎಲ್ಲ ಅದರಲ್ಲಿವೆ. ಗೋಡೆಗಳು ಕುಟ್ಟಿ ಗಟ್ಟಿ ಮಾಡಿದ ಮಣ್ಣಿನವು.

ಮೊದಲು ಗ್ಯಾಲರಿ ಕಟ್ಟಿ ಲ್ಯಾಬನ್ನು ಆಮೇಲೆ ನೋಡೋಣ ಅನ್ನುವುದು ಸಾಮಾನ್ಯ ರೂಢಿ. ಇಲ್ಲಿ ಅದನ್ನು ತಿರುಗಿಸಿದ್ದಾರೆ. ಇದು ಸರಿಯಾದ ನಿರ್ಧಾರ. ವಸ್ತುವನ್ನು ಕಾಪಾಡುವ ಜನ ತಯಾರಾಗದೆ ಗಾಜಿನ ಪೆಟ್ಟಿಗೆ ಎಷ್ಟು ಚೆನ್ನಾಗಿದ್ದರೂ ಏನು ಪ್ರಯೋಜನ?

ಇನ್ನೊಂದು ವಿಷಯ. ಇಲ್ಲಿ ಅಡಿಪಾಯ ತೋಡುವ ಮೊದಲು ಪುರಾತತ್ವ ಅಗೆತ ನಡೆಯಿತು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆ ನುಗ್ಗಿ ಅರಮನೆಯನ್ನು ಲೂಟಿ ಮಾಡಿತು, ಊರಿಗೆ ಬೆಂಕಿ ಬಿತ್ತು. ಆ ಹಳೆಯ ಊರು ಇಂದಿನ ರಸ್ತೆ, ಕಟ್ಟಡಗಳ ಕೆಳಗೇ ಇದೆ. ಜೆಸಿಬಿ ತಂದು ಸುಮ್ನೆ ಅಗೆದುಬಿಟ್ಟಿದ್ದರೆ ಮ್ಯೂಸಿಯಂ ಕಟ್ಟಲು ಹೋಗಿ ಇತಿಹಾಸವನ್ನೇ ಅಳಿಸಿದಂತೆ ಆಗುತ್ತಿತ್ತು.

ಮಣ್ಣೇ ಯಾಕೆ? ಬಡತನವಾ?

ಬೆನಿನ್ ಸಾಮ್ರಾಜ್ಯ ತನ್ನ ಶ್ರೀಮಂತಿಕೆಯ ದಿನಗಳಲ್ಲೂ ಮಣ್ಣಲ್ಲೇ ಕಟ್ಟಿದ್ದು. ಅರಮನೆಯ ಗೋಡೆಗಳು ಕೆಂಪು ಮಣ್ಣಿನವು. ಗಣ್ಯರ ಮನೆಗಳಲ್ಲಿ ಗೋಡೆಯ ಮೇಲೆ ಅಡ್ಡಡ್ಡ ಗೀರುಗಳನ್ನು ಮೂಡಿಸಿ, ಮೈಯನ್ನು ನುಣ್ಣಗೆ ಹೊಳೆಯುವಂತೆ ಉಜ್ಜುತ್ತಿದ್ದರು. ಊರಿನ ಸುತ್ತ ಮತ್ತು ಹಳ್ಳಿಗಳ ನಡುವೆ ಮಣ್ಣಿನ ದಿಬ್ಬ, ಕಂದಕಗಳ ದೊಡ್ಡ ಜಾಲವೇ ಇತ್ತು. ಅವೆಲ್ಲದರ ಒಟ್ಟು ಉದ್ದ ಸುಮಾರು 16,000 ಕಿಲೋಮೀಟರ್ ಅಂತ ಅಂದಾಜು ಮಾಡಿದ್ದು ಪುರಾತತ್ವಜ್ಞ ಪ್ಯಾಟ್ರಿಕ್ ಡಾರ್ಲಿಂಗ್. ಅದನ್ನು ಅಳೆಯಲು ಅವರು ವರ್ಷಗಟ್ಟಲೆ ಕಾಡು ಸುತ್ತಿದರು.

ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳ. ನಾಲ್ಕೂ ಕಡೆಯ ಸೂರಿನ ನೀರು ಅಲ್ಲಿಗೇ ಬೀಳುತ್ತದೆ, ಕೋಣೆಗಳಿಗೆ ಬೆಳಕು, ಗಾಳಿ ಅಲ್ಲಿಂದಲೇ. ನಮ್ಮ ತೊಟ್ಟಿ ಮನೆ ನೋಡಿದವರಿಗೆ ಇದನ್ನು ವಿವರಿಸುವುದೇ ಬೇಡ. ಸೆನೆಗಲ್‌ನ ಕಸಮಾನ್ಸ್ ಪ್ರದೇಶದಲ್ಲೂ ಹೀಗೆ ನಡುವೆ ತೆರೆದ ದುಂಡು ಮನೆಗಳಿವೆ. 2018ರಲ್ಲಿ ಡಾಕಾರ್‌ನಲ್ಲಿ ತೆರೆದ ಕಪ್ಪು ನಾಗರಿಕತೆಗಳ ಮ್ಯೂಸಿಯಂ ತನ್ನ ದುಂಡು ಆಕಾರವನ್ನು ತೆಗೆದುಕೊಂಡಿದ್ದು ಆ ಮನೆಗಳಿಂದ. ಆದರೆ ಅದು ತೆಗೆದುಕೊಂಡಿದ್ದು ಆಕಾರವನ್ನು ಮಾತ್ರ, ಕಟ್ಟುವ ವಿಧಾನವನ್ನಲ್ಲ. ಈ ವ್ಯತ್ಯಾಸ ನನಗೆ ಮುಖ್ಯ ಅನಿಸುತ್ತದೆ.

ಕುಟ್ಟಿದ ಮಣ್ಣಿನ ಗೋಡೆ ಕಟ್ಟೋದು ಹೇಗೆ?

ಎರಡು ಹಲಗೆಗಳನ್ನು ಗೋಡೆಯ ದಪ್ಪಕ್ಕೆ ಎದುರುಬದುರು ನಿಲ್ಲಿಸಿ ಬಿಗಿಯುತ್ತಾರೆ. ನಡುವೆ ಸ್ವಲ್ಪವೇ ತೇವ ಇರುವ ಮಣ್ಣು ಸುರಿದು ಕುಟ್ಟುತ್ತಾರೆ. ಹತ್ತು ಹದಿನೈದು ಸೆಂಟಿಮೀಟರ್ ಎತ್ತರದ ಒಂದೊಂದೇ ಪದರ. ಮುಷ್ಟಿಯಲ್ಲಿ ಹಿಡಿದರೆ ಮಣ್ಣು ಉಂಡೆ ಆಗಬೇಕು, ಕೈಗೆ ಅಂಟಬಾರದು. ಜೇಡಿ ಜಾಸ್ತಿಯಾದರೆ ಒಣಗುವಾಗ ಬಿರುಕು ಬಿಡುತ್ತದೆ. ಮರಳು ಜಾಸ್ತಿಯಾದರೆ ಉದುರುತ್ತದೆ. ಹಲಗೆ ಬಿಚ್ಚಿದ ಮೇಲೆ ಪದರಗಳು ಗೆರೆಗೆರೆಯಾಗಿ ಕಾಣುತ್ತವೆ. ಅದರ ಮೇಲೆ ಪ್ಲಾಸ್ಟರ್ ಬೇಡ, ಬಣ್ಣವೂ ಬೇಡ.

ಮಣ್ಣಿಗೆ ಸಿಮೆಂಟ್ ಸೇರಿಸಿದರೆ ಅದೆಂಥ ಪರಿಸರಸ್ನೇಹಿ?

ಈ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರ ಕೊಡಬೇಕು. ಜಗತ್ತಿನ ಒಟ್ಟು ಕಾರ್ಬನ್ ಡೈಆಕ್ಸೈಡ್ ಹೊಗೆಯಲ್ಲಿ ಸುಮಾರು ಶೇ. 8ರಷ್ಟು ಸಿಮೆಂಟ್ ತಯಾರಿಕೆಯದು. ಮಳೆ ಜಾಸ್ತಿ ಇರುವ ಕಡೆ ಮಣ್ಣಿನ ಗೋಡೆ ಗಟ್ಟಿಯಾಗಲಿ ಅಂತ ಶೇ. 5ರಿಂದ 10ರಷ್ಟು ಸಿಮೆಂಟ್ ಸೇರಿಸುವ ರೂಢಿ ಇದೆ.

40 ಸೆಂಟಿಮೀಟರ್ ದಪ್ಪದ ಮಣ್ಣಿನ ಗೋಡೆ ತೆಗೆದುಕೊಳ್ಳಿ. ಅದರ ಒಂದು ಚದರ ಮೀಟರ್ ಸುಮಾರು 800 ಕೆಜಿ ತೂಗುತ್ತದೆ. ಶೇ. 8 ಸಿಮೆಂಟ್ ಅಂದರೆ 64 ಕೆಜಿ. ಈಗ 20 ಸೆಂಟಿಮೀಟರ್ ಕಾಂಕ್ರೀಟ್ ಗೋಡೆ ನೋಡಿ. ಒಂದು ಘನ ಮೀಟರ್‌ಗೆ 320 ಕೆಜಿ ಸಿಮೆಂಟ್ ಹಾಕಿದರೆ ಒಂದು ಚದರ ಮೀಟರ್ ಗೋಡೆಗೆ ಅಲ್ಲೂ 64 ಕೆಜಿಯೇ! ಮಣ್ಣಿನ ಗೋಡೆಯಲ್ಲಿ ಕಬ್ಬಿಣದ ಖರ್ಚು ಉಳಿಯುತ್ತದೆ, ಅಷ್ಟೇ. ಅಂದರೆ ಮಣ್ಣಿನ ಬಣ್ಣ ನೋಡಿ ಮೋಸ ಹೋಗಬಾರದು.

ಸಿಮೆಂಟನ್ನು ಶೇ. 5ಕ್ಕೆ ಇಳಿಸಿದರೆ ಚಿತ್ರ ಬದಲಾಗುತ್ತದೆ. ಸುಣ್ಣ ಬಳಸಬಹುದು. ಮಳೆ ತಾಗದ ಒಳಗೋಡೆಗಳಿಗೆ ಏನೂ ಸೇರಿಸದೆ ಬರೀ ಮಣ್ಣನ್ನೇ ಕುಟ್ಟಬಹುದು. ನಾನಾದರೆ ಹೊರಗೋಡೆಗೆ ಅಗಲ ಸೂರು ಕೊಟ್ಟು, ಒಳಗೆ ಸಿಮೆಂಟ್ ಇಲ್ಲದ ಮಣ್ಣು ಹಾಕಿ ಅಂತಲೇ ಹೇಳುತ್ತೇನೆ. ಸಿಮೆಂಟ್ ಸೇರಿದ ಗೋಡೆಯನ್ನು ಒಡೆದರೆ ಅದು ಮತ್ತೆ ಹೊಲದ ಮಣ್ಣಾಗುವುದಿಲ್ಲ. ಬರೀ ಮಣ್ಣಿನ ಗೋಡೆಯನ್ನು ಒಡೆದು, ನೆನೆಸಿ, ಮತ್ತೆ ಕಟ್ಟಬಹುದು.

ಮಳೆಗೆ ಕರಗಲ್ವಾ?

ಕಾಳಜಿ ಇಲ್ಲದಿದ್ದರೆ ಕರಗುತ್ತದೆ. ಕೆಳಗೆ ಕಲ್ಲಿನ ತಳಪಾಯ, ಮೇಲೆ ಚಾಚಿದ ಸೂರು ಇದ್ದರೆ ಅರ್ಧ ಸಮಸ್ಯೆ ಮುಗಿದಂತೆ. ನೆಲಕ್ಕೆ ಬಿದ್ದ ನೀರು ಗೋಡೆಯ ಬುಡಕ್ಕೆ ಹಾರದ ಹಾಗೆ ಚರಂಡಿ ಮಾಡಬೇಕು.

ಮಾಲಿ ದೇಶದ ಜೆನ್ನೆಯಲ್ಲಿ ಇನ್ನೊಂದು ದಾರಿ ಇದೆ. ಅಲ್ಲಿನ ದೊಡ್ಡ ಮಸೀದಿ ಪೂರ್ತಿ ಮಣ್ಣಿನದು, ಈಗಿರುವ ರೂಪದಲ್ಲಿ 1907ರಲ್ಲಿ ಕಟ್ಟಿದ್ದು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಇಡೀ ಊರು ಸೇರಿ ಅದಕ್ಕೆ ಹೊಸ ಮಣ್ಣು ಮೆತ್ತುತ್ತದೆ. ಗೋಡೆಯಿಂದ ಹೊರಗೆ ಚಾಚಿದ ಮರದ ತುಂಡುಗಳೇ ಏಣಿ ಮೆಟ್ಟಿಲು. ಹುಡುಗರು ಬುಟ್ಟಿ ಹೊತ್ತು ಓಡುತ್ತಾರೆ, ಹಿರಿಯ ಗಾರೆಯವರು ನಿಂತು ಹೇಳಿಕೊಡುತ್ತಾರೆ. ನೂರಕ್ಕೂ ಹೆಚ್ಚು ವರ್ಷದಿಂದ ಮಸೀದಿ ಉಳಿದಿದ್ದು ಈ ವಾರ್ಷಿಕ ಕೆಲಸದಿಂದ. ನಿರ್ವಹಣೆ ಅನ್ನುವುದು ಬಜೆಟ್‌ನ ಒಂದು ಸಾಲು ಮಾತ್ರ ಆಗಿದ್ದರೆ ಇಷ್ಟು ಕಾಲ ನಡೆಯುತ್ತಿರಲಿಲ್ಲ.

ಎಸಿ ಇಲ್ಲದೆ ಕಲಾವಸ್ತು ಉಳಿಯುತ್ತಾ? ಯುರೋಪಿನವರು ಇದನ್ನೇ ಮುಂದಿಟ್ಟು ವಾಪಸ್ ಕೊಡಲ್ಲ ಅಂತಿದ್ದರಲ್ಲ?

ಹೌದು, ಆ ವಾದ ಬಹಳ ಕಾಲ ನಡೆಯಿತು. ಕೋಣೆಯಲ್ಲಿ ಸದಾ 20 ಡಿಗ್ರಿ ಆಸುಪಾಸು ಇರಬೇಕು, ತೇವಾಂಶ ಶೇ. 50ರಿಂದ ಐದಕ್ಕಿಂತ ಹೆಚ್ಚು ಆಚೀಚೆ ಆಗಬಾರದು ಅನ್ನೋದು ದೊಡ್ಡ ಮ್ಯೂಸಿಯಂಗಳ ಹಳೆಯ ನಿಯಮ. ಅದು ತಂಪು ದೇಶಗಳ ಕಟ್ಟಡಗಳನ್ನು ನೋಡಿ ಮಾಡಿದ ನಿಯಮ. ಅದೇ ನಿಯಮವನ್ನು ಕರೆಂಟ್ ಪದೇ ಪದೇ ಹೋಗುವ ಬಿಸಿ ಊರಿಗೆ ಹೇರಿದರೆ ಡೀಸೆಲ್ ಜನರೇಟರ್ ಹಗಲು ರಾತ್ರಿ ಓಡಬೇಕು.

ಆ ದೊಡ್ಡ ಮ್ಯೂಸಿಯಂಗಳೇ ಈಗ ನಿಯಮ ಸಡಿಲಿಸಿವೆ. ಜಗತ್ತಿನ ಪ್ರಮುಖ ಮ್ಯೂಸಿಯಂ ನಿರ್ದೇಶಕರ ಬಿಜೋ ಗುಂಪು ಒಪ್ಪಿದ ಮಾರ್ಗಸೂಚಿಯ ಪ್ರಕಾರ ಹೆಚ್ಚಿನ ವಸ್ತುಗಳಿಗೆ 16ರಿಂದ 25 ಡಿಗ್ರಿ, ತೇವಾಂಶ ಶೇ. 40ರಿಂದ 60 ಸಾಕು. ಒಂದು ದಿನದೊಳಗೆ ತೇವಾಂಶ ಹತ್ತರಷ್ಟಕ್ಕಿಂತ ಹೆಚ್ಚು ಏರುಪೇರು ಆಗಬಾರದು. ವಸ್ತುವಿಗೆ ಹೆಚ್ಚು ತೊಂದರೆ ಕೊಡುವುದು ದಿಢೀರ್ ಬದಲಾವಣೆ. ಬೆಳಿಗ್ಗೆ ಎಸಿ, ಮಧ್ಯಾಹ್ನ ಕರೆಂಟ್ ಕಟ್, ಸಂಜೆ ಮತ್ತೆ ಎಸಿ ಅಂದರೆ ಮರದ ಮುಖವಾಡ ಸೀಳುತ್ತದೆ. ಒಂದೇ ಸಮ ಬೆಚ್ಚಗಿರುವ ಕೋಣೆ ಅದಕ್ಕಿಂತ ಎಷ್ಟೋ ಮೇಲು.

ಇಲ್ಲೇ ಮಣ್ಣಿನ ಗೋಡೆ ಕೆಲಸಕ್ಕೆ ಬರೋದು. ಜೇಡಿಮಣ್ಣು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಗಾಳಿ ಒಣಗಿದಾಗ ಬಿಟ್ಟುಕೊಡುತ್ತದೆ. ಏರುಪೇರು ತಾನಾಗೇ ಕಡಿಮೆಯಾಗುತ್ತದೆ.

ಹಾಗಂತ ಎಲ್ಲ ವಸ್ತುವಿಗೂ ಒಂದೇ ಮದ್ದು ನಡೆಯುವುದಿಲ್ಲ. ಬೆನಿನ್ ಬ್ರಾಂಜ್ ಅಂತ ಕರೆಯುವ ಫಲಕಗಳು, ತಲೆಗಳು ಹೆಚ್ಚಿನವು ಹಿತ್ತಾಳೆಯವು. ಲೋಹದಲ್ಲಿ ಉಪ್ಪಿನಂಶ ಸೇರಿಕೊಂಡಿದ್ದರೆ ತೇವ ಗಾಳಿಯಲ್ಲಿ ಹಸಿರು ಪುಡಿ ಏಳುತ್ತದೆ, ಅದು ಲೋಹವನ್ನೇ ತಿನ್ನುತ್ತದೆ. ಆದ್ದರಿಂದ ಲೋಹಕ್ಕೆ ಒಣ ಗಾಳಿ ಬೇಕು. ದಂತ, ಮರಕ್ಕೆ ತೀರಾ ಒಣ ಗಾಳಿ ಆಗದು. ಇದಕ್ಕೆ ಇಡೀ ಕಟ್ಟಡ ಒಣಗಿಸುವುದು ದಡ್ಡತನ. ಗಾಳಿಯಾಡದ ಗಾಜಿನ ಪೆಟ್ಟಿಗೆ, ಅದರ ತಳದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇದ್ದರೆ ಆ ವಸ್ತುವಿಗೆ ಬೇಕಾದ ಹವೆ ಅಲ್ಲಿಗಷ್ಟೇ ಸಿಗುತ್ತದೆ. ಕರೆಂಟ್ ಬೇಡ. ಜೆಲ್ ತೇವ ಹಿಡಿದಾಗ ಒಲೆಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು.

ದಪ್ಪ ಮಣ್ಣಿನ ಗೋಡೆ ಎಲ್ಲ ಊರಲ್ಲೂ ತಂಪು ಕೊಡುತ್ತಾ?

ಕೊಡುವುದಿಲ್ಲ. ಇದನ್ನು ಯಾಕೋ ತುಂಬಾ ಜನ ಮರೆಯುತ್ತಾರೆ. ದಪ್ಪ ಗೋಡೆ ಹಗಲಿನ ಬಿಸಿಯನ್ನು ಹಿಡಿದಿಟ್ಟು ಹಲವು ಗಂಟೆ ತಡವಾಗಿ ಒಳಗೆ ಬಿಡುತ್ತದೆ. ರಾತ್ರಿ ಚಳಿಯಾದರೆ ಗೋಡೆ ತಣ್ಣಗಾಗಿ ಮರುದಿನಕ್ಕೆ ತಯಾರಾಗುತ್ತದೆ. ಮಾಲಿಯ ಟಿಂಬಕ್ಟು, ಸೆನೆಗಲ್‌ನ ಒಳನಾಡು ಇಂಥ ಕಡೆ ಇದು ಚೆನ್ನಾಗಿ ನಡೆಯುತ್ತದೆ. ಬೆನಿನ್ ಸಿಟಿಯಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ. ರಾತ್ರಿಯೂ ಸೆಕೆ. ಅಲ್ಲಿ ಗೋಡೆಯ ದಪ್ಪವನ್ನು ಮಾತ್ರ ನಂಬಿದರೆ ಆಗಲ್ಲ. ನೆರಳು, ಎತ್ತರದ ಸೂರು, ಗಾಳಿಯ ಓಡಾಟ ಬೇಕು.

ಸೂರಿನ ವಿಷಯದಲ್ಲಿ ಬುರ್ಕಿನಾ ಫಾಸೋದ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ಅವರ ಕೆಲಸ ನೋಡಿ. ತಮ್ಮ ಹುಟ್ಟೂರು ಗಾಂಡೋದಲ್ಲಿ 2001ರಲ್ಲಿ ಮುಗಿಸಿದ ಶಾಲೆಯಲ್ಲಿ ಮಣ್ಣಿನ ಇಟ್ಟಿಗೆಯ ಚಾವಣಿ ಒಂದು, ಅದರ ಮೇಲೆ ಅಂತರ ಬಿಟ್ಟು ತಗಡಿನ ಸೂರು ಇನ್ನೊಂದು. ತಗಡು ಕಾದರೂ ಆ ಬಿಸಿ ನಡುವಿನ ಗಾಳಿಯಲ್ಲೇ ಹೊರಟುಹೋಗುತ್ತದೆ. ತಗಡನ್ನು ಹೊರುವ ಜಂತಿಗಳನ್ನು ಊರಿನವರೇ ಸರಳುಗಳನ್ನು ಬೆಸೆದು ಮಾಡಿದ್ದರು. ಕೆರೆ ಅವರಿಗೆ 2022ರಲ್ಲಿ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಅದನ್ನು ಪಡೆದ ಮೊದಲ ಆಫ್ರಿಕನ್ ಅವರು.

ನೆಲದೊಳಗೆ ಇಳಿಯುವುದು ಮತ್ತೊಂದು ಉಪಾಯ. ಸೆನೆಗಲ್‌ನ ಕಾವೋಲಾಕ್ ಬಳಿಯ ಬೆತ್-ಬಿ ಮ್ಯೂಸಿಯಂ ಯೋಜನೆಯಲ್ಲಿ ನೈಜರ್ ದೇಶದ ವಾಸ್ತುಶಿಲ್ಪಿ ಮರಿಯಮ್ ಇಸ್ಸೂಫು ಗ್ಯಾಲರಿಗಳನ್ನು ನೆಲದ ಕೆಳಗೆ ಇಟ್ಟಿದ್ದಾರೆ. ಮೇಲಿನ ನೆಲ ಊರಿನವರು ಸೇರಲು. ಒಳಗೆ ತಂಪು, ಹೊರಗೆ ಬಯಲು.

ಸಂಶೋಧನಾ ಕೇಂದ್ರಕ್ಕೆ ಬೇರೆ ಏನು ಬೇಕು?

ಲ್ಯಾಬ್‌ಗೆ ಕರೆಂಟ್ ನಿಲ್ಲುವಂತಿಲ್ಲ. ರಾಸಾಯನಿಕದ ಗಾಳಿ ಹೊರಹಾಕಲು ವ್ಯವಸ್ಥೆ ಬೇಕು. ಹೊಸದಾಗಿ ಬಂದ ವಸ್ತುವನ್ನು ಹುಳ ಇದೆಯಾ ಅಂತ ನೋಡುವ ತನಕ ಬೇರೆ ಕೋಣೆಯಲ್ಲಿ ಇಡಬೇಕು. ಆದ್ದರಿಂದ ಕಟ್ಟಡದ ನಡುವೆ ಚಿಕ್ಕದಾದ, ಬಿಗಿಯಾದ, ಎಸಿ ಇರುವ ಭಾಗ. ಅದರ ಸುತ್ತ ಓದುವ ಕೋಣೆ, ತರಗತಿ, ಅಂಗಳಗಳು ಸಹಜ ಗಾಳಿಯಲ್ಲಿ. ಹೀಗೆ ಮಾಡಿದರೆ ಸೋಲಾರ್ ಮತ್ತು ಬ್ಯಾಟರಿ ಆ ನಡುವಿನ ಭಾಗಕ್ಕಷ್ಟೇ ಸಾಕಾಗುತ್ತದೆ.

ಟಿಂಬಕ್ಟುವಿನ ಅಹ್ಮದ್ ಬಾಬಾ ಸಂಸ್ಥೆ ಇಲ್ಲಿ ನೆನಪಾಗುತ್ತದೆ. ಹಳೆಯ ಹಸ್ತಪ್ರತಿಗಳಿಗಾಗಿ ದಕ್ಷಿಣ ಆಫ್ರಿಕಾದ ನೆರವಿನಿಂದ 2009ರಲ್ಲಿ ಅಲ್ಲಿ ಹೊಸ ಕಟ್ಟಡ ತೆರೆಯಿತು. 2013ರ ಜನವರಿಯಲ್ಲಿ ಉಗ್ರರು ಅಲ್ಲಿದ್ದ ಸುಮಾರು 4,000 ಹಸ್ತಪ್ರತಿಗಳನ್ನು ನಾಶ ಮಾಡಿದರು. ಲಕ್ಷಗಟ್ಟಲೆ ಪ್ರತಿಗಳು ಉಳಿದಿದ್ದು ಊರಿನ ಜನ ಅವನ್ನು ತಗಡಿನ ಟ್ರಂಕುಗಳಲ್ಲಿ ತುಂಬಿ ರಾಜಧಾನಿ ಬಮಾಕೊಗೆ ಸಾಗಿಸಿದ್ದರಿಂದ. ಬಮಾಕೊ ತಲುಪಿದ ಮೇಲೆ ಹೊಸ ಚಿಂತೆ ಶುರುವಾಯಿತು. ಮರುಭೂಮಿಯ ಒಣ ಗಾಳಿಯಲ್ಲಿ ಶತಮಾನ ಕಳೆದ ಕಾಗದಕ್ಕೆ ಅಲ್ಲಿನ ತೇವ ಒಗ್ಗುವುದಿಲ್ಲ. ವಸ್ತು ಎಲ್ಲಿ ಬಾಳಿತ್ತೋ ಆ ಹವೆಗೆ ಅದು ಹೊಂದಿಕೊಂಡಿರುತ್ತದೆ.

ಗೆದ್ದಲು?

ದೊಡ್ಡ ಶತ್ರು. ಕಲ್ಲಿನ ತಳಪಾಯ ನೆಲಕ್ಕಿಂತ ಚೆನ್ನಾಗಿ ಮೇಲೆ ಬರಬೇಕು. ಗೋಡೆಯ ಸುತ್ತ ಒಂದು ಪಟ್ಟಿ ಖಾಲಿ ಇರಬೇಕು, ಗಿಡ ನೆಡಬಾರದು, ಸಾಮಾನು ಒರಗಿಸಬಾರದು. ಆಗ ಗೆದ್ದಲಿನ ಮಣ್ಣಿನ ದಾರಿ ಕಣ್ಣಿಗೆ ಬೀಳುತ್ತದೆ. ಕಪಾಟುಗಳು ಲೋಹದವಾಗಿರಲಿ, ಗೋಡೆಗೆ ತಾಗದಿರಲಿ.

ಹಗಲು ಬೆಳಕು ಬಳಸಬಹುದಾ?

ಬಳಸಬಹುದು, ಎಲ್ಲಿ ಅಂತ ನೋಡಿ. ಬಟ್ಟೆ, ಕಾಗದ, ಬಣ್ಣ ಹಚ್ಚಿದ ಗರಿಗಳಿಗೆ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು. ಲೋಹ, ಕಲ್ಲು, ಸುಟ್ಟ ಮಣ್ಣಿಗೆ ಆ ಭಯವಿಲ್ಲ. ಹಾಗಾಗಿ ಹಿತ್ತಾಳೆ ಮತ್ತು ಟೆರಾಕೋಟಾ ಅಂಗಳದ ಪಕ್ಕಕ್ಕೆ, ಬಟ್ಟೆ ಒಳಕೋಣೆಗೆ.

ಮಳೆ ನೀರು?

ಬೆನಿನ್ ಸಿಟಿಯ ಮಳೆಗೆ 1,000 ಚದರ ಮೀಟರ್ ಸೂರಿನ ಮೇಲೆ ವರ್ಷಕ್ಕೆ 20 ಲಕ್ಷ ಲೀಟರ್ ಬೀಳುತ್ತದೆ. ಐದರಲ್ಲಿ ನಾಲ್ಕು ಭಾಗ ಹಿಡಿದರೂ 16 ಲಕ್ಷ. ತೊಟ್ಟಿ ಮಾತ್ರ ಸಂಗ್ರಹ ಕೋಣೆಯಿಂದ ದೂರ ಇರಲಿ.

ಹೊಸದು ಕಟ್ಟುವ ಬದಲು ಹಳೆಯ ಕಟ್ಟಡವನ್ನೇ ಬಳಸಿದರೆ?

ಕೇಪ್‌ಟೌನ್‌ನ ಜೈಟ್ಜ್ ಮೊಕಾ ಹಾಗೆ ಮಾಡಿದೆ. 1920ರ ದಶಕದ ಧಾನ್ಯದ ಕಣಜವನ್ನು ಕೊರೆದು 2017ರಲ್ಲಿ ಆಫ್ರಿಕಾದ ಇಂದಿನ ಕಲೆಯ ಮ್ಯೂಸಿಯಂ ಮಾಡಿದರು. ಇರುವ ಕಾಂಕ್ರೀಟನ್ನು ಒಡೆಯದೆ ಬಳಸುವುದು ಒಳ್ಳೆಯ ಲೆಕ್ಕ. ಒಳಗಿನ ಎತ್ತರದ ಅಂಗಳ ನೋಡಲು ಅದ್ಭುತ. ಆದರೆ ಅಂಥ ಕಣಜ ಎಲ್ಲ ಊರಲ್ಲೂ ಇರಲ್ಲ.

ಇದರಿಂದ ಸುತ್ತಲಿನ ಜನಕ್ಕೆ ಏನು ಸಿಗುತ್ತದೆ?

ದಕ್ಷಿಣ ಆಫ್ರಿಕಾದ ಮಪುಂಗುಬ್ವೆ ಕೇಂದ್ರವನ್ನು ನಾನು ಈ ಪ್ರಶ್ನೆಗೆ ಅತ್ಯುತ್ತಮ ಉತ್ತರ ಅಂದುಕೊಂಡಿದ್ದೇನೆ. ಲಿಂಪೊಪೊ ಮತ್ತು ಶಾಶೆ ನದಿ ಸೇರುವ ಕಡೆ, 13ನೇ ಶತಮಾನದ ರಾಜಧಾನಿಯ ಬೆಟ್ಟದ ಹತ್ತಿರ ಅದಿದೆ. ಪುಟ್ಟ ಚಿನ್ನದ ಘೇಂಡಾಮೃಗ ಸಿಕ್ಕಿದ್ದು ಆ ಬೆಟ್ಟದಲ್ಲೇ. ವಾಸ್ತುಶಿಲ್ಪಿ ಪೀಟರ್ ರಿಚ್. ಕಬ್ಬಿಣ ಇಲ್ಲದ, ತೆಳ್ಳಗಿನ ಬಿಲ್ಲೆಗಳನ್ನು ಪದರ ಪದರವಾಗಿ ಅಂಟಿಸಿ ಮಾಡಿದ ಕಮಾನು ಚಾವಣಿಗಳು. ಲೆಕ್ಕಾಚಾರ ಮಾಡಿಕೊಟ್ಟಿದ್ದು ಮೈಕಲ್ ರಾಮೇಜ್, ಜಾನ್ ಆಕ್ಸೆನ್‌ಡಾರ್ಫ್ ಮುಂತಾದ ಎಂಜಿನಿಯರ್‌ಗಳು.

ಬಿಲ್ಲೆಗಳು ಅಲ್ಲಿನ ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದವು. ಸುಟ್ಟಿದ್ದಲ್ಲ. ಎರಡು ಲಕ್ಷದಷ್ಟು ಬಿಲ್ಲೆಗಳನ್ನು ಒತ್ತಿದ್ದು ಸುತ್ತಲಿನ ಊರುಗಳ ಕೆಲಸವಿಲ್ಲದ ಜನ. ಚಾವಣಿ ಕಟ್ಟಲು ಕಲಿತವರೂ ಅವರೇ. ಇಲ್ಲಿ ಕಾರ್ಖಾನೆಗೆ ಹೋಗಬೇಕಿದ್ದ ದುಡ್ಡು ಕೂಲಿಯಾಗಿ ಊರಲ್ಲೇ ಉಳಿಯಿತು. 2009ರಲ್ಲಿ ಬಾರ್ಸಿಲೋನಾದಲ್ಲಿ ಅದು ವರ್ಷದ ವಿಶ್ವ ಕಟ್ಟಡ ಪ್ರಶಸ್ತಿ ಗೆದ್ದಿತು.

2025ರಲ್ಲಿ ಮೊವಾದಲ್ಲಿ ಗಲಾಟೆ ಆಯ್ತಲ್ಲ, ಯಾಕೆ?

ನವೆಂಬರ್ 2025ರಲ್ಲಿ, ಉದ್ಘಾಟನೆಯ ಮುನ್ನಾ ದಿನಗಳಲ್ಲಿ, ಪ್ರತಿಭಟನಾಕಾರರು ಆವರಣಕ್ಕೆ ನುಗ್ಗಿದರು. ಅತಿಥಿಗಳನ್ನು ಹೊರಗೆ ಕರೆದೊಯ್ಯಬೇಕಾಯಿತು. ಉದ್ಘಾಟನೆ ಮುಂದಕ್ಕೆ ಹೋಯಿತು. ಇದನ್ನು ಬೆನಿನ್ ರಾಜಮನೆತನದ ಮ್ಯೂಸಿಯಂ ಅಂತ ಕರೆಯಬೇಕು, ಒಬಾ ಅವರಿಗೆ ಸೇರಬೇಕು ಅನ್ನೋದು ಅವರ ಬೇಡಿಕೆ. ಒಬಾ ಅಂದರೆ ಬೆನಿನ್ ರಾಜ. 2023ರಲ್ಲೇ ನೈಜೀರಿಯಾದ ಅಧ್ಯಕ್ಷರು ಮರಳಿ ಬಂದ ಬೆನಿನ್ ವಸ್ತುಗಳಿಗೆ ಒಬಾ ಅವರೇ ಒಡೆಯರು ಅಂತ ಆದೇಶ ಮಾಡಿದ್ದರು. ಮೊವಾ ತಾನು ಸ್ವತಂತ್ರ ಸಂಸ್ಥೆ, ಬೆನಿನ್ ಬ್ರಾಂಜ್‌ಗಳು ತನಗೆ ಸೇರಬೇಕು ಅಂತ ಕೇಳುತ್ತಿಲ್ಲ ಅಂತ ಹೇಳಿತ್ತು.

ಇದನ್ನು ಕಟ್ಟಡದ ಪುಟದಲ್ಲಿ ಯಾಕೆ ಹೇಳುತ್ತೇನೆ ಅಂದರೆ, ಇದು ಕಟ್ಟಡದ್ದೇ ವಿಷಯ. ಗೋಡೆಗೆ ಊರಿನ ಮಣ್ಣು ಬಳಸಿದ್ದು ಚೆನ್ನಾಗಿದೆ. ಆದರೆ ಊರಿನವರು ಅದನ್ನು ತಮ್ಮದು ಅಂದುಕೊಳ್ಳದಿದ್ದರೆ ಜೆನ್ನೆಯಂತೆ ಬುಟ್ಟಿ ಹೊತ್ತು ಬರೋರು ಯಾರು? ಲ್ಯಾಬ್‌ನಲ್ಲಿ ತರಬೇತಿ ಪಡೆಯುವ ಅಲ್ಲಿನ ಹುಡುಗ ಹುಡುಗಿಯರನ್ನು ನೆನೆದರೆ ಬೇಸರವಾಗುತ್ತದೆ. ಒಡೆತನ, ಹೆಸರು, ಆಡಳಿತ ಮಂಡಳಿಯಲ್ಲಿ ಯಾರು ಕೂರುತ್ತಾರೆ ಅನ್ನುವುದು ನಕ್ಷೆ ಬರೆಯುವ ಮೊದಲೇ ತೀರ್ಮಾನ ಆಗಬೇಕು.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ತಂತ್ರದ ಸಂಬಂಧ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಶುರು ಮಾಡಿದ, ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುವ ಅಸ್ತ್ರ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು. ಕೈಯಲ್ಲಿ ಒತ್ತುವ ಯಂತ್ರ, ಮಣ್ಣಿಗೆ ಎಷ್ಟು ಮರಳು, ಎಷ್ಟು ಸಿಮೆಂಟ್ ಅನ್ನುವ ಲೆಕ್ಕ ಎಲ್ಲ ಅಲ್ಲಿ ಪಳಗಿತು. ಪಶ್ಚಿಮ ಆಫ್ರಿಕಾದಲ್ಲಿ ಕಾಣುವ ಕೆಂಪು ಜಂಬಿಟ್ಟಿಗೆ ನೆಲ ನಮ್ಮ ಕರಾವಳಿಯವರಿಗೂ ಗೊತ್ತಿರುವಂಥದ್ದೇ. ಇನ್ನು ಮಪುಂಗುಬ್ವೆಯಲ್ಲಿ ಸಿಕ್ಕ ಗಾಜಿನ ಮಣಿಗಳಲ್ಲಿ ಕೆಲವು ಹಿಂದೂ ಮಹಾಸಾಗರ ದಾಟಿ ನಮ್ಮ ಉಪಖಂಡದ ಕಡೆಯಿಂದ ಹೋದವು.

ನಾನು ಆರ್ಕಿಟೆಕ್ಚರ್ ವಿದ್ಯಾರ್ಥಿ. ಎಲ್ಲಿಂದ ಶುರು ಮಾಡಲಿ?

ಮಣ್ಣಿನಿಂದ. ಒಂದು ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು ತುಂಬಿ. ಮೇಲ್ಪದರದ ಕಪ್ಪು ಮಣ್ಣು ಬೇಡ, ಒಂದು ಅಡಿ ಕೆಳಗಿನದು ತೆಗೆಯಿರಿ. ನೀರು ತುಂಬಿಸಿ, ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ಅಲ್ಲಾಡಿಸಿ ಒಂದು ದಿನ ಇಡಿ. ತಳದಲ್ಲಿ ಮರಳು, ಅದರ ಮೇಲೆ ಗೋಡು, ಮೇಲೆ ಜೇಡಿ ಪದರವಾಗಿ ನಿಲ್ಲುತ್ತವೆ. ಜೇಡಿ ಒಟ್ಟಿನಲ್ಲಿ ಐದನೇ ಒಂದು ಭಾಗದ ಆಸುಪಾಸು ಇದ್ದರೆ ಕುಟ್ಟುವ ಗೋಡೆಗೆ ಪ್ರಯತ್ನಿಸಬಹುದು. ಜಾಸ್ತಿ ಇದ್ದರೆ ಮರಳು ಸೇರಿಸಿ, ಅಂಗೈ ಅಗಲದ ಒಂದು ತುಂಡು ಕುಟ್ಟಿ, ನೆರಳಲ್ಲಿ ಒಣಗಲು ಬಿಡಿ. ಬಿರುಕು ಬಿಟ್ಟರೆ ಮರಳು ಇನ್ನೂ ಬೇಕು.